ಮಣ್ಣಿನ ರಿಪೋರ್ಟಿನಲ್ಲಿ ಅಲ್ಯುಮಿನಿಯಂ 58,000: ಮೆಂತ್ಯ ಸಾಯುವುದು ಇದರಿಂದಲೇ?

ಪ್ರಶ್ನೆ: ನಾವು ಗದಗ ಜಿಲ್ಲೆ ರೋಣದ ಕಡೆಯವರು. ಯಜಮಾನರ ಕೆಲಸದ ಸಲುವಾಗಿ ಗೋವಾಕ್ಕೆ ಬಂದು, ಫೋಂಡಾ ತಾಲ್ಲೂಕಿನಲ್ಲಿ ಸ್ವಂತ ಮನೆ ಕಟ್ಟಿಕೊಂಡಿದ್ದೇವೆ. ಮನೆ ಹಿಂದೆ ಸುಮಾರು 200 ಚದರ ಮೀಟರ್ ಹಿತ್ತಲಿದೆ. ಊರಲ್ಲಿ ಮೆಂತ್ಯ, ಪಾಲಕ್ ಸುಮ್ನೆ ಬೀಜ ಚೆಲ್ಲಿದರೂ ಬರುತ್ತಿತ್ತು. ಇಲ್ಲಿ ಮೊಳಕೆಯೇನೋ ಬರುತ್ತದೆ, ನಾಲ್ಕು ಎಲೆ ಬಿಟ್ಟು ಹಾಗೇ ನಿಂತುಬಿಡುತ್ತದೆ. ಡಿಎಪಿ ಹಾಕಿದೆ, ಯೂರಿಯಾ ಹಾಕಿದೆ, ಉಪಯೋಗವಾಗಲಿಲ್ಲ. ಗೆಣಸು ಮಾತ್ರ ಚೆನ್ನಾಗಿ ಬಂತು, ಹರಿವೆ ಪರವಾಗಿಲ್ಲ. ಪಕ್ಕದ ಗದ್ದೆಯಲ್ಲಿ ಮಳೆಗಾಲದ ಭತ್ತವೂ ಚೆನ್ನಾಗಿದೆ. ಖಾಸಗಿ ಲ್ಯಾಬಿನಲ್ಲಿ ಮಣ್ಣು ಪರೀಕ್ಷೆ ಮಾಡಿಸಿದರೆ ರಸಸಾರ (ಪಿಎಚ್) 4.6, ಅಲ್ಯುಮಿನಿಯಂ 58,000 ಪಿಪಿಎಂ ಅಂತ ಬಂದಿದೆ. ಅಲ್ಯುಮಿನಿಯಂನಿಂದ ಮರೆವಿನ ಕಾಯಿಲೆ ಬರುತ್ತದೆ ಅಂತ ವಾಟ್ಸಾಪಿನಲ್ಲಿ ಓದಿ, ಹಿತ್ತಲ ಸೊಪ್ಪು ತಿನ್ನುವುದನ್ನೇ ಬಿಟ್ಟಿದ್ದೇವೆ. ಮಾವನವರಿಗೆ ಕಿಡ್ನಿ ತೊಂದರೆ ಬೇರೆ ಇದೆ, ಎಲ್ಲರೂ ಬಾವಿ ನೀರೇ ಕುಡಿಯುತ್ತೇವೆ. ಇದು ಗಣಿಯಿಂದ ಬಂದದ್ದಾ? ಗೊಬ್ಬರದ ಅಂಗಡಿಯವರು ಎಪ್ಸಮ್ ಸಾಲ್ಟ್ ಹಾಕಿ ಅಂದರು, ಒಬ್ಬರು ಪಟಿಕದ ಪುಡಿ ಹಾಕಿ ಅಂದರು. ತಮ್ಮನ ಟೆಂಪೋ ವಾರಕ್ಕೊಮ್ಮೆ ಹುಬ್ಬಳ್ಳಿಯಿಂದ ಇಲ್ಲಿಗೆ ಬರುತ್ತದೆ. ಅದರಲ್ಲಿ ಎರಿಮಣ್ಣು ತರಿಸಿ ಹಾಕಲೇ?

ಉತ್ತರ: ಸೊಪ್ಪು ತಿನ್ನಿ, ತೊಳೆದು ತಿನ್ನಿ. ಮೊದಲು ಅದನ್ನು ಹೇಳಿಬಿಡುತ್ತೇನೆ, ಉಳಿದದ್ದನ್ನು ನಿಧಾನವಾಗಿ ನೋಡೋಣ. ನಿಮ್ಮ ಪತ್ರದಲ್ಲಿ ಎರಡು ಭಯ ಒಂದಕ್ಕೊಂದು ಗಂಟು ಬಿದ್ದಿವೆ. ಒಂದು ಗಿಡದ ಬಗ್ಗೆ, ಇನ್ನೊಂದು ಮನೆಯವರ ಬಗ್ಗೆ. ಗಿಡದ ವಿಷಯದಲ್ಲಿ ನಿಮ್ಮ ಅನುಮಾನ ಬಹುತೇಕ ಸರಿ. ಮನೆಯವರ ವಿಷಯದಲ್ಲಿ ಮಾವನವರೊಬ್ಬರನ್ನು ಬಿಟ್ಟು ಉಳಿದವರು ನೆಮ್ಮದಿಯಾಗಿರಬಹುದು.

ಆ 58,000 ನೋಡಿ ಯಾರಿಗಾದರೂ ಎದೆ ಧಸಕ್ ಅನ್ನುತ್ತದೆ. ಪಿಪಿಎಂ ಅಂದರೆ ಹತ್ತು ಲಕ್ಷ ಪಾಲಿನಲ್ಲಿ ಎಷ್ಟು ಪಾಲು ಅನ್ನುವ ಲೆಕ್ಕ. ಅದನ್ನು ಬಿಟ್ಟು ಶೇಕಡಾದಲ್ಲಿ ಹೇಳಿದರೆ ಅದು 5.8. ಭೂಮಿಯ ಹೊರಪದರದ ತೂಕದಲ್ಲಿ ಅಲ್ಯುಮಿನಿಯಂ ಸುಮಾರು 8% ಇದೆ. ಆಮ್ಲಜನಕ, ಸಿಲಿಕಾನ್ ಆದ ಮೇಲೆ ಮೂರನೆಯದು ಅದೇ. ನಿಮ್ಮ ರೋಣದ ಎರಿಮಣ್ಣನ್ನು ಅದೇ ಲ್ಯಾಬಿಗೆ ಕೊಟ್ಟರೂ ಹತ್ತಾರು ಸಾವಿರದ ಸಂಖ್ಯೆಯೇ ಬರುತ್ತದೆ. ಲ್ಯಾಬಿನವರು ಮಾಡಿದ್ದೇನು ಅಂದರೆ, ಮಣ್ಣನ್ನು ಕಟುವಾದ ಆಸಿಡ್‌ನಲ್ಲಿ ಬಿಸಿ ಮಾಡಿ, ಜೇಡಿಯ ಹರಳುಗಳನ್ನೇ ಒಡೆದು, ಒಳಗಿದ್ದ ಅಲ್ಯುಮಿನಿಯಂ ಪೂರ್ತಿ ಹೊರಗೆ ತೆಗೆದು ಅಳೆದಿದ್ದಾರೆ. ಯಾವ ಗಿಡದ ಬೇರೂ ಆ ಕೆಲಸ ಮಾಡುವುದಿಲ್ಲ. ತೋಟದ ಮಟ್ಟಿಗೆ ಆ ಅಂಕಿಯಿಂದ ಏನೂ ಗೊತ್ತಾಗುವುದಿಲ್ಲ. ಅದಕ್ಕೆ ದುಡ್ಡು ತೆಗೆದುಕೊಂಡದ್ದೇ ನನಗೆ ಬೇಸರದ ವಿಷಯ.

ಕೆಲಸಕ್ಕೆ ಬರುವ ಅಂಕಿ ನಿಮ್ಮ ವರದಿಯಲ್ಲಿ ಇನ್ನೊಂದಿದೆ. ಅದು ರಸಸಾರ 4.6. ಈ ಅಂಕಿ ಕಡಿಮೆಯಾದಷ್ಟೂ ಮಣ್ಣು ಹೆಚ್ಚು ಹುಳಿ.

ಮಣ್ಣಿನ ಅಲ್ಯುಮಿನಿಯಂ ಹೆಚ್ಚುಕಡಿಮೆ ಪೂರ್ತಿ ಜೇಡಿ ಹರಳುಗಳಲ್ಲಿ, ಹೈಡ್ರಾಕ್ಸೈಡ್ ರೂಪದಲ್ಲಿ ಗಟ್ಟಿಯಾಗಿ ಕೂತಿರುತ್ತದೆ. ರಸಸಾರ 6ರಿಂದ 7ರ ಆಸುಪಾಸಿನಲ್ಲಿ ಇದ್ದಷ್ಟು ಕಾಲ ನೀರಿಗೆ ಇಳಿಯುವುದೇ ಇಲ್ಲ ಅನ್ನಬೇಕು. ಎರಡೂ ತುದಿಯಲ್ಲಿ ಮಾತ್ರ ಕರಗುತ್ತದೆ. ಬೆಳಗಾವಿಯ ಅಲ್ಯುಮಿನಾ ಕಾರ್ಖಾನೆಯಲ್ಲಿ ಬಾಕ್ಸೈಟ್ ಅದಿರನ್ನು ಬಿಸಿ ಕಾಸ್ಟಿಕ್ ಸೋಡಾದಲ್ಲಿ ಕರಗಿಸುತ್ತಾರೆ, ಅದು ಕ್ಷಾರದ ತುದಿ. ನಿಮ್ಮ ಹಿತ್ತಲು ಹುಳಿಯ ತುದಿಯಲ್ಲಿದೆ. ರಸಸಾರ 5.5ಕ್ಕಿಂತ ಕೆಳಗೆ ಬಂದಾಗ ಅಲ್ಯುಮಿನಿಯಂ ಸ್ವಲ್ಪ ಸ್ವಲ್ಪ ಕರಗಲು ಶುರುವಾಗುತ್ತದೆ. 5ಕ್ಕಿಂತ ಕೆಳಗೆ ಅದು ಭರಭರ ಏರುತ್ತದೆ. ಲೆಕ್ಕದ ಪ್ರಕಾರ ರಸಸಾರ ಒಂದು ಅಂಕಿ ಇಳಿದರೆ, ನೀರಿನಲ್ಲಿ ಬಿಡಿಯಾಗಿ ಓಡಾಡುವ ಅಲ್ಯುಮಿನಿಯಂ ಅಯಾನು (ವಿದ್ಯುದಂಶ ಹೊತ್ತ ಕಣ) 1000 ಪಟ್ಟು ಏರಬಹುದು. ನಿಜವಾದ ಮಣ್ಣಿನಲ್ಲಿ ಗೊಬ್ಬರ, ಹ್ಯೂಮಸ್ (ಎಲೆ–ಕಸ ಕೊಳೆತು ಉಳಿದ ಕಪ್ಪು ಸತ್ವ) ಎಲ್ಲ ಸೇರಿ ಈ ಏರಿಕೆಗೆ ಕಡಿವಾಣ ಹಾಕುತ್ತವೆ. ಆದರೂ 5.6 ಮತ್ತು 4.6ರ ನಡುವೆ ಇರುವುದು ಸಣ್ಣ ವ್ಯತ್ಯಾಸ ಅಂತ ಮಾತ್ರ ಅಂದುಕೊಳ್ಳಬೇಡಿ.

ಹಾಗೆ ಕರಗಿದ ಅಯಾನಿಗೆ ಮೂರು ಧನ ವಿದ್ಯುದಂಶ. ಸುತ್ತ ಆರು ನೀರಿನ ಅಣು ಕಟ್ಟಿಕೊಂಡು ಓಡಾಡುತ್ತದೆ. ಋಣ ವಿದ್ಯುದಂಶ ಇರುವ ಏನು ಸಿಕ್ಕರೂ ಗಟ್ಟಿಯಾಗಿ ಹಿಡಿದುಕೊಳ್ಳುತ್ತದೆ. ಬೇರಿನ ತುದಿಯ ಕೋಶಗೋಡೆಯಲ್ಲಿರುವ ಪೆಕ್ಟಿನ್ ಅಂಥದ್ದೇ. ಅಲ್ಲಿ ಕ್ಯಾಲ್ಸಿಯಂ ಕೂರಬೇಕಾದ ಜಾಗದಲ್ಲಿ ಅಲ್ಯುಮಿನಿಯಂ ಹೋಗಿ ಕೂರುತ್ತದೆ. ಗೋಡೆ ಬಿಗಿಯಾಗುತ್ತದೆ, ಕೋಶ ಹಿಗ್ಗುವುದಿಲ್ಲ, ಬೇರು ಉದ್ದವಾಗುವುದು ನಿಲ್ಲುತ್ತದೆ. ಸೂಕ್ಷ್ಮ ಬೆಳೆಗಳಲ್ಲಿ ಇದು ಕೆಲವೇ ಗಂಟೆಗಳ ಕೆಲಸ, ಲೀಟರಿಗೆ ಒಂದು ಮಿಲಿಗ್ರಾಂಗಿಂತ ಕಡಿಮೆ ಇದ್ದರೂ ಸಾಕು. ಪೆಟ್ಟು ಬೀಳುವುದು ಬೇರಿನ ತುದಿಯ ಕೆಲವು ಮಿಲಿಮೀಟರಿಗೆ ಮಾತ್ರ. ಆದರೆ ಬೇರು ಬೆಳೆಯುವ ಜಾಗವೇ ಅದು ಅಲ್ವಾ.

ನಂಬಿಕೆ ಬರದಿದ್ದರೆ ನಾಳೆ ಬೆಳಿಗ್ಗೆ ಒಂದು ಕೆಲಸ ಮಾಡಿ. ನಿಂತುಹೋದ ಮೆಂತ್ಯ ಸಸಿಗಳಲ್ಲಿ ನಾಲ್ಕನ್ನು ಕೈಯಿಂದ ಕೀಳಬೇಡಿ, ಕುರ್ಚಿಗೆಯಿಂದ ಮಣ್ಣಿನ ಹೆಂಟೆ ಸಮೇತ ಎತ್ತಿ. ಬಕೆಟ್ ನೀರಿನಲ್ಲಿ ಅರ್ಧ ಗಂಟೆ ಇಟ್ಟು, ಮಣ್ಣು ತಾನಾಗಿ ಬಿಡುವಂತೆ ಅಲ್ಲಾಡಿಸಿ. ಬಿಳಿ ತಟ್ಟೆಯ ಮೇಲೆ ಹರಡಿ ನೋಡಿ. ಒಳ್ಳೆಯ ಬೇರು ಬೆಳ್ಳಗೆ, ಉದ್ದವಾಗಿ, ನೂಲಿನಂಥ ಕವಲು ತುಂಬಿಕೊಂಡು ಇರುತ್ತದೆ. ಅಲ್ಯುಮಿನಿಯಂ ತಾಗಿದ ಬೇರು ಗಿಡ್ಡ. ತುದಿ ದಪ್ಪಗಾಗಿ ಕಂದು ಬಣ್ಣಕ್ಕೆ ತಿರುಗಿರುತ್ತದೆ. ಪಕ್ಕದ ಕವಲುಗಳು ಹೊರಟಲ್ಲೇ ಮೊಂಡಾಗಿ ನಿಂತು, ಒಟ್ಟು ನೋಟ ಹವಳದ ತುಂಡಿನ ಹಾಗೆ ಇರುತ್ತದೆ. ಬೇರುಗಂಟು ಹುಳುವಿನ ಬಾಧೆಯಾದರೆ ಬೇರಿನ ನಡುವೆ ಗಂಟು ಗಂಟಾಗಿ ಉಬ್ಬಿರುತ್ತದೆ, ಅದನ್ನು ಇದಕ್ಕೆ ಬೆರೆಸಬೇಡಿ. ಬೇರು ಕೊಳೆತು ಮೆತ್ತಗಾಗಿದ್ದರೆ ಅದು ನೀರು ನಿಂತದ್ದರಿಂದ ಬಂದ ಶಿಲೀಂಧ್ರ.

ಎಲೆ ನೋಡಿ ಇದನ್ನು ಕಂಡುಹಿಡಿಯುವುದು ಕಷ್ಟ. ಎಲೆಯಲ್ಲಿ ಕಾಣುವುದು ರಂಜಕದ ಕೊರತೆ. ಎಲೆ ಸಣ್ಣದಾಗಿ ಕಡುಹಸಿರಾಗುತ್ತದೆ, ಕೆಲವು ಬೆಳೆಯಲ್ಲಿ ನೇರಳೆ ಛಾಯೆ ಬರುತ್ತದೆ. ಹೀಗಾಗಿಯೇ ನೀವು ಡಿಎಪಿ ಹಾಕಿದ್ದು, ಹೀಗಾಗಿಯೇ ಅದು ಕೈಕೊಟ್ಟದ್ದು. ಹುಳಿ ಮಣ್ಣಿನಲ್ಲಿ ಹಾಕಿದ ರಂಜಕವನ್ನು ಅಲ್ಯುಮಿನಿಯಂ ಮತ್ತು ಕಬ್ಬಿಣ ಹಿಡಿದು ಗಟ್ಟಿ ಮಾಡಿಬಿಡುತ್ತವೆ. ಅಳಿದುಳಿದದ್ದನ್ನು ಹುಡುಕಿ ಹೋಗಲು ಗಿಡಕ್ಕೆ ಬೇರೇ ಇಲ್ಲ. ಮೇಲಿಂದ ಯೂರಿಯಾ ಮತ್ತು ಡಿಎಪಿಯಲ್ಲಿರುವ ಅಮೋನಿಯಂ ಸಾರಜನಕ ಮಣ್ಣಿನಲ್ಲಿ ನೈಟ್ರೇಟ್ ಆಗುವಾಗ ಹುಳಿ ಹುಟ್ಟಿಸುತ್ತದೆ. ಒಂದು ಕಿಲೋ ಯೂರಿಯಾ ಹುಟ್ಟಿಸುವ ಹುಳಿ ಸರಿಮಾಡಲು ಸುಮಾರು 0.8 ಕಿಲೋ ಸುಣ್ಣಕಲ್ಲಿನ ಪುಡಿ ಬೇಕು. ಅಮೋನಿಯಂ ಸಲ್ಫೇಟ್ ಆದರೆ ಕಿಲೋಗೆ 1.1 ಕಿಲೋ. ಮಣ್ಣು ಹುಳಿಯಾಗಿದ್ದಲ್ಲಿ ಇದು ಬರೆಯ ಮೇಲೆ ಉಪ್ಪು.

ಇನ್ನು ಗಣಿಯ ಮಾತು. ಫೋಂಡಾ ಕಡೆ ಅದಿರಿನ ಲಾರಿಗಳ ಧೂಳು ತಿಂದವರಿಗೆ ಈ ಅನುಮಾನ ಬರುವುದು ಸಹಜ. ಆದರೆ ಈ ವಿಷಯದಲ್ಲಿ ಗಣಿಯ ಪಾತ್ರವಿಲ್ಲ. ಕಾರಣ ಮಳೆ. ನಿಮ್ಮ ಊರಲ್ಲಿ ವರ್ಷಕ್ಕೆ 600–700 ಮಿಲಿಮೀಟರ್ ಮಳೆ, ಇಲ್ಲಿ 3000 ಮಿಲಿಮೀಟರಿನ ಲೆಕ್ಕ, ಅದೂ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೆ. ಸಾವಿರಾರು ವರ್ಷ ಹೀಗೆ ಸುರಿದ ನೀರು ಮಣ್ಣಿನ ಕ್ಯಾಲ್ಸಿಯಂ, ಮೆಗ್ನೀಸಿಯಂ, ಪೊಟ್ಯಾಸಿಯಂ, ಕೊನೆಗೆ ಸಿಲಿಕಾವನ್ನೂ ತೊಳೆದು ಸಮುದ್ರಕ್ಕೆ ಒಯ್ದಿದೆ. ಉಳಿದದ್ದು ಕಬ್ಬಿಣ ಮತ್ತು ಅಲ್ಯುಮಿನಿಯಂ. ಅದೇ ಜಂಬಿಟ್ಟಿಗೆ ಮಣ್ಣು. ಜೇಡಿಯ ಮೈಮೇಲೆ ಕ್ಯಾಲ್ಸಿಯಂ ಕೂತಿದ್ದ ಜಾಗಗಳಲ್ಲಿ ಈಗ ಅಲ್ಯುಮಿನಿಯಂ ಕೂತಿದೆ. ರೋಣದ ಎರಿಯಲ್ಲಿ ಅಗೆದರೆ ಬಿಳಿ ಸುಣ್ಣದ ಹರಳು ಸಿಗುತ್ತವೆ, ನೋಡಿರುತ್ತೀರಿ. ಮಳೆ ಸಾಲದೆ ಉಳಿದುಕೊಂಡ ಕ್ಯಾಲ್ಸಿಯಂ ಅದು.

ನಾನು ಇಲ್ಲಿ ನೋಡಿದ ಹಿತ್ತಲುಗಳಲ್ಲಿ ಇನ್ನೊಂದು ಸಂಗತಿ ಮತ್ತೆ ಮತ್ತೆ ಕಾಣುತ್ತದೆ. ಮನೆ ಕಟ್ಟುವಾಗ ಗುಡ್ಡ ಕಡಿದ ಕೆಂಪು ಮಣ್ಣು ತಂದು ಮಟ್ಟ ಮಾಡಿರುತ್ತಾರೆ. ಅದು ಅಡಿಯ ಮಣ್ಣು, ಅದರಲ್ಲಿ ಹ್ಯೂಮಸ್ ಇಲ್ಲವೇ ಇಲ್ಲ. ಅದೇ ರಸಸಾರದ ಹಳೇ ಕುಳಾಗರದ (ಇಲ್ಲಿನ ಅಡಿಕೆ–ತೆಂಗಿನ ತೋಟದ) ಮಣ್ಣಿನಲ್ಲಿ ಬೆಂಡೆ ಬರುತ್ತದೆ, ಈ ತುಂಬಿದ ಮಣ್ಣಿನಲ್ಲಿ ಬರುವುದಿಲ್ಲ. ಕೊಳೆತ ಎಲೆ, ಗೊಬ್ಬರಗಳಲ್ಲಿರುವ ಸಾವಯವ ಆಮ್ಲಗಳು ಕರಗಿದ ಅಲ್ಯುಮಿನಿಯಂ ಅನ್ನು ಅಪ್ಪಿ ಹಿಡಿದುಬಿಡುತ್ತವೆ. ಹಾಗೆ ಹಿಡಿಸಿಕೊಂಡದ್ದು ಬೇರಿಗೆ ಹೆಚ್ಚು ತೊಂದರೆ ಕೊಡುವುದಿಲ್ಲ. ನಿಮ್ಮಲ್ಲೂ ಹಾಗೆ ಮಣ್ಣು ತುಂಬಿಸಿದ್ದರೆ ನೆನಪಿಸಿಕೊಳ್ಳಿ, ಪರಿಹಾರದ ದಾರಿ ಅದರ ಮೇಲೆ ಬದಲಾಗುತ್ತದೆ.

ಪಕ್ಕದ ಗದ್ದೆಯ ಭತ್ತದ ಗುಟ್ಟು ಬೇರೆ. ನೀರು ನಿಂತ ಗದ್ದೆಯಲ್ಲಿ ಗಾಳಿ ಆಡುವುದಿಲ್ಲ. ಬ್ಯಾಕ್ಟೀರಿಯಾಗಳು ಆಮ್ಲಜನಕದ ಬದಲು ಕಬ್ಬಿಣದ ಆಕ್ಸೈಡ್ ಬಳಸಿಕೊಳ್ಳುತ್ತವೆ, ಆ ಕ್ರಿಯೆ ಹುಳಿಯನ್ನು ತಿಂದುಹಾಕುತ್ತದೆ. ಕೆಲವೇ ವಾರದಲ್ಲಿ ರಸಸಾರ 6ರಿಂದ 7ರ ಹತ್ತಿರ ಬಂದು ಅಲ್ಯುಮಿನಿಯಂ ಮತ್ತೆ ಗಟ್ಟಿಯಾಗಿ ಕೂತುಬಿಡುತ್ತದೆ. ನೀರು ಬಸಿದು ಒಣಗಿದ ಮೇಲೆ ಅದೇ ಗದ್ದೆ ಮತ್ತೆ ಹುಳಿ. ಹಾಗಾಗಿ ಭತ್ತ ಚೆನ್ನಾಗಿ ಬಂದ ಜಾಗದಲ್ಲೇ ಮುಂದಿನ ಹೆಸರುಕಾಳಿನ ಬೆಳೆ ಸೊರಗುವುದುಂಟು. ಕರಾವಳಿಯಲ್ಲಿ ಉಪ್ಪುನೀರಿಗೆ ಒಡ್ಡು ಕಟ್ಟಿ ಮಾಡಿದ ಖಾಜನ್ ಗದ್ದೆಗಳ ಕಥೆ ಇನ್ನೂ ಬೇರೆ. ಅಂಥ ಕಡೆ ಅಡಿಯಲ್ಲಿ ಗಂಧಕದ ಖನಿಜ ಇದ್ದರೆ ನೀರು ಬಸಿದು ಗಾಳಿಯಾಡಿದಾಗ ಅದು ಗಂಧಕಾಮ್ಲವೇ ಆಗುತ್ತದೆ. ನಿಮ್ಮದು ಗುಡ್ಡದ ಮಣ್ಣು, ಆ ಚಿಂತೆ ನಿಮಗೆ ಬೇಡ.

ಗೆಣಸು ಬಂದದ್ದೂ ಸುಮ್ನೆ ಅಲ್ಲ. ಕೆಲವು ಗಿಡಗಳು ಬೇರಿನ ತುದಿಯಿಂದ ಸಿಟ್ರೇಟ್, ಮ್ಯಾಲೇಟ್, ಆಕ್ಸಲೇಟ್‌ನಂಥ ಆಮ್ಲಗಳನ್ನು ಬಿಟ್ಟು, ಎದುರು ಬಂದ ಅಲ್ಯುಮಿನಿಯಂ ಅನ್ನು ಅಲ್ಲೇ ಕಟ್ಟಿಹಾಕುತ್ತವೆ. ಗೋಧಿಯಲ್ಲಿ ಈ ಕೆಲಸದ ಜೀನ್ ಅನ್ನು 2004ರಲ್ಲಿ ಗುರುತಿಸಿದರು, ಜೋಳದಲ್ಲಿ 2007ರಲ್ಲಿ. ಚಹಾ ಗಿಡ ಇನ್ನೂ ಮುಂದೆ ಹೋಗಿ, ಅಲ್ಯುಮಿನಿಯಂ ಹೀರಿ ಹಳೇ ಎಲೆಗಳಲ್ಲಿ ರಾಶಿ ಹಾಕಿಕೊಳ್ಳುತ್ತದೆ. ಇನ್ನು ಹುಳಿ ಮಣ್ಣಿನಲ್ಲಿ ಬೇರನ್ನು ಕೊಲ್ಲುವುದು ಬರೀ ಹುಳಿ ಅಲ್ಲ, ಅದು ಕರಗಿಸಿದ ಅಲ್ಯುಮಿನಿಯಂ ಅಂತ ಅಮೆರಿಕದ ರೋಡ್ ಐಲೆಂಡ್‌ನ ಇಬ್ಬರು ವಿಜ್ಞಾನಿಗಳು ಬಾರ್ಲಿ, ರೈ ಬೆಳೆಗಳನ್ನು ಹೋಲಿಸಿ 1918ರಲ್ಲೇ ಬರೆದಿದ್ದರು. ಶತಮಾನ ದಾಟಿದರೂ ಗೊಬ್ಬರದ ಅಂಗಡಿಯ ತನಕ ಆ ಮಾತು ಇನ್ನೂ ಬಂದಿಲ್ಲ.

ಈಗ ತಟ್ಟೆಯ ಮೇಲಿನ ಸೊಪ್ಪಿನ ವಿಷಯ. ಚಹಾದಂಥ ಕೆಲವನ್ನು ಬಿಟ್ಟರೆ ಗಿಡಗಳು ಅಲ್ಯುಮಿನಿಯಂ ಅನ್ನು ಬೇರಿನಲ್ಲೇ ತಡೆಯುತ್ತವೆ, ಎಲೆ–ಕಾಯಿಗೆ ಹೋಗುವುದು ಕಡಿಮೆ. ಸೊಪ್ಪಿನಲ್ಲಿ ಜಾಸ್ತಿ ಕಂಡುಬಂದರೆ ಬಹಳ ಸಲ ಅದು ಎಲೆಗೆ ಅಂಟಿದ ಮಣ್ಣಿನ ಧೂಳು, ತೊಳೆದರೆ ಹೋಗುತ್ತದೆ. ಊಟದಲ್ಲಿ ಸೇರಿದ ಅಲ್ಯುಮಿನಿಯಂನಲ್ಲಿ ಕರುಳು ಒಳಗೆ ಬಿಟ್ಟುಕೊಳ್ಳುವುದು ಸುಮಾರು 0.1% ಮಾತ್ರ. ಅದನ್ನೂ ಆರೋಗ್ಯವಾದ ಕಿಡ್ನಿ ಮೂತ್ರದಲ್ಲಿ ಹೊರಗೆ ಹಾಕುತ್ತದೆ. ವಿಶ್ವಸಂಸ್ಥೆಯ ಆಹಾರ ಮತ್ತು ಆರೋಗ್ಯ ಸಂಸ್ಥೆಗಳ ಜಂಟಿ ತಜ್ಞ ಸಮಿತಿ 2011ರಲ್ಲಿ ಇಟ್ಟ ಮಿತಿ, ದೇಹದ ತೂಕದ ಪ್ರತಿ ಕಿಲೋಗೆ ವಾರಕ್ಕೆ 2 ಮಿಲಿಗ್ರಾಂ. 60 ಕಿಲೋ ತೂಕದವರಿಗೆ ವಾರಕ್ಕೆ 120 ಮಿಲಿಗ್ರಾಂ ಆಯಿತು. ಹಿತ್ತಲ ಸೊಪ್ಪಿನ ಬಗ್ಗೆ ಚಿಂತೆ ಮಾಡುವವರು ಅಲ್ಯುಮಿನಿಯಂ ಪಾತ್ರೆಯಲ್ಲಿ ಕೋಕಂ ಸಾರು, ಹುಣಸೆ ಗೊಜ್ಜು ಕುದಿಸಿ ರಾತ್ರಿಯಿಡೀ ಅದರಲ್ಲೇ ಬಿಡುವುದನ್ನು ಮೊದಲು ನಿಲ್ಲಿಸಲಿ. ಹುಳಿ ಅಲ್ಯುಮಿನಿಯಂ ಕರಗಿಸುತ್ತದೆ ಅನ್ನುವ ಮಾತು ಮಣ್ಣಿಗಷ್ಟೇ ಸೀಮಿತವಲ್ಲ.

ಮರೆವಿನ ಕಾಯಿಲೆಯ ಸುದ್ದಿ ಎಲ್ಲಿಂದ ಬಂತು ಅಂದರೆ, 1965ರಲ್ಲಿ ಮೊಲಗಳ ಮೆದುಳಿಗೆ ಅಲ್ಯುಮಿನಿಯಂ ಲವಣ ಚುಚ್ಚಿ ನೋಡಿದಾಗ ನರಕೋಶಗಳಲ್ಲಿ ಸಿಕ್ಕುಗಳು ಕಂಡವು. ಅವು ಮನುಷ್ಯರ ಆಲ್ಝೈಮರ್ ಸಿಕ್ಕುಗಳಲ್ಲ ಅಂತ ಆಮೇಲೆ ಗೊತ್ತಾಯಿತು. ಊಟದ ಅಲ್ಯುಮಿನಿಯಂನಿಂದ ಆಲ್ಝೈಮರ್ ಬರುತ್ತದೆ ಅನ್ನುವುದು ಇವತ್ತಿಗೂ ಸಾಬೀತಾಗಿಲ್ಲ. ಸಾಬೀತಾದದ್ದು ಇನ್ನೊಂದು. 1970ರ ದಶಕದಲ್ಲಿ ಡಯಾಲಿಸಿಸ್ ರೋಗಿಗಳಲ್ಲಿ ಮಾತು ತೊದಲುವುದು, ಗೊಂದಲ, ಮೂಳೆ ನೋವು ಕಾಣಿಸಿಕೊಂಡಿತು. ಡಯಾಲಿಸಿಸ್‌ಗೆ ಬಳಸಿದ ನೀರಿನ ಅಲ್ಯುಮಿನಿಯಂ, ಜೊತೆಗೆ ಅವರು ನುಂಗುತ್ತಿದ್ದ ಅಲ್ಯುಮಿನಿಯಂ ಔಷಧ ಇದಕ್ಕೆ ಕಾರಣ ಅಂತ ಗೊತ್ತಾಯಿತು. ಕಿಡ್ನಿ ಕೆಲಸ ಮಾಡದಿದ್ದರೆ ಒಳಗೆ ಬಂದದ್ದು ಹೊರಗೆ ಹೋಗುವುದಿಲ್ಲ. ನಾನು ಮಾವನವರನ್ನು ಬೇರೆ ಇಟ್ಟು ಮಾತಾಡಿದ್ದು ಇದಕ್ಕೇ, ಅವರ ವಿಷಯಕ್ಕೆ ಆಮೇಲೆ ಬರುತ್ತೇನೆ.

ಮಣ್ಣಿಗೆ ಏನು ಮಾಡಬೇಕು? ಮೊದಲ ಮದ್ದು ಸುಣ್ಣ. ಆದರೆ ಎಷ್ಟು ಅನ್ನುವುದನ್ನು ರಸಸಾರ ಒಂದನ್ನೇ ನೋಡಿ ಹೇಳಲಾಗದು. ಜೇಡಿಯ ಮೈಮೇಲೆ ಕೂತ ಅಲ್ಯುಮಿನಿಯಂ ಹುಳಿಯ ದಾಸ್ತಾನು. ನೀವು ಸುಣ್ಣ ಹಾಕಿದಂತೆ ಅದು ನೀರಿಗೆ ಇಳಿದು, ಹೈಡ್ರಾಕ್ಸೈಡ್ ಆಗುತ್ತಾ, ಒಂದೊಂದು ಅಯಾನು ಮೂರು ಹೈಡ್ರೋಜನ್ ಬಿಡುತ್ತದೆ. ಹಾಗಾಗಿ ಶುರುವಿನಲ್ಲಿ ರಸಸಾರ ಹಟ ಹಿಡಿದು ಕೂರುತ್ತದೆ. ಕಾಗದದ ಪಟ್ಟಿ ಅದ್ದಿ ನೋಡಿ "ಸುಣ್ಣ ಕೆಲಸ ಮಾಡಲಿಲ್ಲ" ಅನ್ನುವವರು ಬಹಳ ಜನ. ಒಳಗೆ ಅಲ್ಯುಮಿನಿಯಂ ಇಳಿಯುತ್ತಿರುತ್ತದೆ, ಪಟ್ಟಿಗೆ ಅದು ಗೊತ್ತಾಗುವುದಿಲ್ಲ.

ಹಾಗಾಗಿ ಲ್ಯಾಬಿಗೆ ಮತ್ತೆ ಹೋಗಿ, ಈ ಸಲ "ವಿನಿಮಯ ಅಲ್ಯುಮಿನಿಯಂ, ಪೊಟ್ಯಾಸಿಯಂ ಕ್ಲೋರೈಡ್ ದ್ರಾವಣದಲ್ಲಿ ತೆಗೆದದ್ದು" ಅಂತ ಬಾಯಿಬಿಟ್ಟು ಕೇಳಿ. ಜೇಡಿಯ ಮೈಮೇಲೆ ಕೂತ ಅಲ್ಯುಮಿನಿಯಂ ಅಂದೆನಲ್ಲ, ಅದೇ ಇದು. 2015ರಿಂದ ಬಂದಿರುವ ಸರ್ಕಾರದ ಮಣ್ಣು ಆರೋಗ್ಯ ಚೀಟಿಯಲ್ಲಿ 12 ಅಂಶಗಳಿವೆ, ಅಲ್ಯುಮಿನಿಯಂ ಅದರಲ್ಲಿಲ್ಲ. ಹಳೇ ಗೋವಾದ ಎಲಾದಲ್ಲಿರುವ ಭಾರತೀಯ ಕೃಷಿ ಸಂಶೋಧನಾ ಮಂಡಳಿಯ (ಐಸಿಎಆರ್) ಕರಾವಳಿ ಕೃಷಿ ಸಂಶೋಧನಾ ಕೇಂದ್ರದಲ್ಲಿ ವಿಚಾರಿಸಿ, ನಿಮಗೆ ಹತ್ತಿರವೂ ಆಗುತ್ತದೆ. ಹಿತ್ತಲಿನ ಏಳೆಂಟು ಕಡೆ 15 ಸೆಂಟಿಮೀಟರ್ ಆಳದ ಮಣ್ಣು ತೆಗೆದು ಬೆರೆಸಿ ಅರ್ಧ ಕಿಲೋ ಕೊಟ್ಟರೆ ಸಾಕು. ಬೂದಿ ಸುರಿದ ಜಾಗ, ಗೊಬ್ಬರದ ಗುಂಡಿ, ಗೋಡೆಯ ಬುಡ ಬಿಡಿ. ಗೋಡೆಯ ಸಿಮೆಂಟು ಉದುರಿದ ಮಣ್ಣು ಸುಳ್ಳು ಹೇಳುತ್ತದೆ.

ಲೆಕ್ಕ ಹೀಗೆ. ವಿನಿಮಯ ಅಲ್ಯುಮಿನಿಯಂ ಕಿಲೋ ಮಣ್ಣಿಗೆ ಎಷ್ಟು ಸೆಂಟಿಮೋಲ್ ಅಂತ ಬರುತ್ತದೋ ಅದನ್ನು 1.5ರಿಂದ ಗುಣಿಸಿ. ಹೆಕ್ಟೇರಿಗೆ ಸುಮಾರು ಅಷ್ಟು ಟನ್ ಸುಣ್ಣಕಲ್ಲಿನ ಪುಡಿ ಬೇಕು. ಉದಾಹರಣೆಗೆ 1.5 ಬಂತು ಅಂದುಕೊಳ್ಳಿ. 2.25 ಟನ್ ಆಯಿತು, ಅಂದರೆ ಚದರ ಮೀಟರಿಗೆ 225 ಗ್ರಾಂ, ನಿಮ್ಮ 200 ಚದರ ಮೀಟರಿಗೆ 45 ಕಿಲೋ. ಒಂದು ಚೀಲದ ಕೆಲಸ ಇಷ್ಟೇ. ಮೆಂತ್ಯ, ಪಾಲಕ್, ಬೀಟ್‌ರೂಟ್‌ನಂಥ ನಾಜೂಕು ಬೆಳೆಗೆ 1.5ರ ಬದಲು 2ರಿಂದ ಗುಣಿಸುವುದು ಒಳ್ಳೆಯದು. ಸುಣ್ಣಕಲ್ಲಿನ ಪುಡಿ ನುಣ್ಣಗಿರಬೇಕು, ರವೆಯಂತಿದ್ದರೆ ವರ್ಷಗಟ್ಟಲೆ ಹಾಗೇ ಬಿದ್ದಿರುತ್ತದೆ. ಮೆಗ್ನೀಸಿಯಂ ಕೂಡ ಕಡಿಮೆ ಇರುವ ಇಲ್ಲಿನ ಮಣ್ಣಿಗೆ ಡೋಲೊಮೈಟ್ (ಮೆಗ್ನೀಸಿಯಂ ಇರುವ ಸುಣ್ಣಕಲ್ಲು) ನನ್ನ ಮೊದಲ ಆಯ್ಕೆ. ಗೋಡೆಗೆ ಬಳಿಯುವ ಅರಳಿದ ಸುಣ್ಣ ಸಿಕ್ಕರೆ ಪ್ರಮಾಣ ಮುಕ್ಕಾಲಕ್ಕೆ ಇಳಿಸಿ, ಕೈಗೆ ಕಣ್ಣಿಗೆ ಜೋಪಾನ. ಹಾಕಿದ ಕೂಡಲೇ ಬಿತ್ತಬೇಡಿ.

ಹೊತ್ತು ಮುಖ್ಯ. ಜುಲೈ ಮಳೆಯಲ್ಲಿ ಸುಣ್ಣ ಚೆಲ್ಲಿದರೆ ಅದು ಪಕ್ಕದವರ ಗದ್ದೆ ಸೇರುತ್ತದೆ. ಮೇ ಕೊನೆಗೆ ಒಂದೆರಡು ಹನಿ ಬಿದ್ದು ಮಣ್ಣು ಹದವಾದಾಗ, ಇಲ್ಲವೇ ಮಳೆ ಕಡಿಮೆಯಾದ ಸೆಪ್ಟೆಂಬರ್ ಕೊನೆಗೆ ಹಾಕಿ. 15 ಸೆಂಟಿಮೀಟರ್ ಆಳಕ್ಕೆ ಅಗೆದು ಕಲಸಿ, ಮೂರು ನಾಲ್ಕು ವಾರ ಬಿಟ್ಟು ಬಿತ್ತಿ. ಸುಣ್ಣದ ಜೊತೆಗೇ ಸಗಣಿ ಗೊಬ್ಬರ, ಯೂರಿಯಾ ಹಾಕಬೇಡಿ, ಸಾರಜನಕ ಅಮೋನಿಯಾ ಆಗಿ ಹಾರಿಹೋಗುತ್ತದೆ. ಎರಡು ವಾರದ ಅಂತರ ಇರಲಿ.

ಸುಣ್ಣದಿಂದಾಗುವ ಅಪಾಯವೂ ಇದೆ. ಒಂದು ಚೀಲ ಕೆಲಸ ಮಾಡಿತು ಅಂತ ನಾಲ್ಕು ಚೀಲ ಸುರಿದವರ ಹಿತ್ತಲು ನೋಡಿದ್ದೇನೆ. ರಸಸಾರ 7 ದಾಟಿ ಸತು, ಬೋರಾನ್, ಕಬ್ಬಿಣ, ಮ್ಯಾಂಗನೀಸ್ ಸಿಗದೆ ಎಲೆಗಳು ಹಳದಿ ಹಳದಿ. ತೊಳೆದುಹೋದ ಮಣ್ಣಿಗೆ ತಡೆದುಕೊಳ್ಳುವ ಶಕ್ತಿ ಕಡಿಮೆ, ಆ ತುದಿಗೂ ಬೇಗ ಹೋಗುತ್ತದೆ. 7ರ ಗುರಿ ಇಡಬೇಡಿ. 5.5 ದಾಟಿದರೆ ಅಲ್ಯುಮಿನಿಯಂ ಕಾಟ ಮುಗಿಯಿತು, ಸೊಪ್ಪಿಗೆ 6 ಧಾರಾಳ ಸಾಕು.

ಸುಣ್ಣ ಹಾಕಲು ಧೈರ್ಯ ಬರದಿದ್ದರೆ ಮೊದಲು ಕುಂಡದಲ್ಲಿ ನೋಡಿ. ನಿಮ್ಮ ಮಣ್ಣನ್ನು ಎರಡು ಡಬ್ಬಕ್ಕೆ ಎರಡೆರಡು ಕಿಲೋ ತುಂಬಿ. ಒಂದಕ್ಕೆ ಒಂದು ಚಮಚೆ ನುಣುಪು ಸುಣ್ಣಕಲ್ಲಿನ ಪುಡಿ ಕಲಸಿ. ಎರಡನ್ನೂ ಹದವಾಗಿ ನೆನೆಸಿ ಎರಡು ವಾರ ಬಿಡಿ. ಆಮೇಲೆ ನೆನೆಸಿ ಮೊಳಕೆ ಬರಿಸಿದ ಹೆಸರುಕಾಳು ಹತ್ತತ್ತು ಹಾಕಿ. ಒಂದು ವಾರಕ್ಕೆ ಎರಡನ್ನೂ ನೀರಿನಲ್ಲಿ ಬಿಡಿಸಿ ಬೇರು ಪಕ್ಕಪಕ್ಕ ಇಡಿ. ಸುಣ್ಣದ ಡಬ್ಬದ ಬೇರು ಕಣ್ಣಿಗೆ ಹೊಡೆಯುವಷ್ಟು ಉದ್ದವಿದ್ದರೆ ಅನುಮಾನ ಗಟ್ಟಿಯಾಯಿತು. ಎರಡೂ ಒಂದೇ ಥರ ಇದ್ದರೆ ನಿಮ್ಮ ಮೆಂತ್ಯದ ರೋಗ ಬೇರೆಯೇ, ಸುಣ್ಣಕ್ಕೆ ದುಡ್ಡು ಹಾಕಬೇಡಿ.

ಬೂದಿಯೂ ನಡೆಯುತ್ತದೆ. ಹಿಂದೆ ಈ ಗುಡ್ಡಗಳಲ್ಲಿ, ನಮ್ಮ ಉತ್ತರ ಕನ್ನಡದಲ್ಲೂ, ಕುಮರಿ ಬೇಸಾಯ ಇತ್ತು ಅಲ್ವಾ. ಕಾಡು ಸುಟ್ಟ ಜಾಗದಲ್ಲಿ ಎರಡು ಮೂರು ವರ್ಷ ರಾಗಿ ಬರುತ್ತಿತ್ತು, ಆಮೇಲೆ ಬಿಟ್ಟು ಮುಂದೆ ಹೋಗುತ್ತಿದ್ದರು. ಬೂದಿ ಹುಳಿಯನ್ನು ತಗ್ಗಿಸಿದಷ್ಟು ದಿನ ಬೆಳೆ. ಕಟ್ಟಿಗೆ ಒಲೆಯ ಬೂದಿ ಹಾಕುವುದಾದರೆ ಸುಣ್ಣದ ಎರಡು ಮೂರು ಪಟ್ಟು ಬೇಕು, ಪೊಟ್ಯಾಸಿಯಂ ಪುಕ್ಕಟೆ. ಪ್ಲಾಸ್ಟಿಕ್, ಬಣ್ಣದ ಕಾಗದ ಸುಟ್ಟ ಬೂದಿ ಮಾತ್ರ ಬೇಡ.

ಸುಣ್ಣ ತಾನು ಕಲಸಿದ ಆಳದಲ್ಲೇ ಕೆಲಸ ಮಾಡುತ್ತದೆ, ಕೆಳಗೆ ಇಳಿಯುವುದು ತೀರಾ ನಿಧಾನ. ಕೆಳಗಿನ ಮಣ್ಣಿನ ಅಲ್ಯುಮಿನಿಯಂ ಹಾಗೇ ಇದ್ದು, ಫೆಬ್ರುವರಿ ಬಿಸಿಲಿಗೆ ಗಿಡ ಬಾಡುತ್ತದೆ. ಬೇರು ಆಳಕ್ಕೆ ಹೋಗಿರುವುದಿಲ್ಲ. ಇದಕ್ಕೆ ಬ್ರೆಜಿಲ್‌ನ ಸೆರಾಡೊ ಬಯಲಿನಲ್ಲಿ ಜಿಪ್ಸಂ ಬಳಸಿ ಗೆದ್ದಿದ್ದಾರೆ. ಊರ ಕಡೆ ಜಿಪ್ಸಂ ಹಾಕುವುದು ಚೌಳು ಮಣ್ಣಿನ ಸೋಡಿಯಂ ತೆಗೆಯಲಿಕ್ಕೆ. ಇಲ್ಲಿ ಅದರ ಕೆಲಸ ಬೇರೆ. ಅದು ರಸಸಾರ ಏರಿಸುವುದಿಲ್ಲ, ನೀರಿನ ಜೊತೆ ಕೆಳಗಿಳಿದು ಬೇರಿಗೆ ಕ್ಯಾಲ್ಸಿಯಂ ಕೊಡುತ್ತದೆ, ಅದರ ಸಲ್ಫೇಟ್ ಅಲ್ಯುಮಿನಿಯಂ ಜೊತೆ ಸೇರಿ ವಿಷ ತಗ್ಗಿಸುತ್ತದೆ. ಆದರೆ ಹೋಗುವಾಗ ಮೆಗ್ನೀಸಿಯಂ ಅನ್ನೂ ಎಳೆದುಕೊಂಡು ಹೋಗುತ್ತದೆ. ಅಡಿಕೆ, ತೆಂಗು ಇಟ್ಟವರು ಡೋಲೊಮೈಟ್ ಜೊತೆ ಇದನ್ನು ಯೋಚಿಸಬಹುದು. ಸೊಪ್ಪಿನ ಮಡಿಗೆ ನನಗೆ ಅಗತ್ಯ ಕಾಣುವುದಿಲ್ಲ.

ಗುಡ್ಡದ ಮಣ್ಣು ತುಂಬಿಸಿದ ಹಿತ್ತಲಾದರೆ ಸುಣ್ಣಕ್ಕಿಂತ ಹೆಚ್ಚು ಗಮನ ಗೊಬ್ಬರಕ್ಕೆ ಕೊಡಿ. ಚದರ ಮೀಟರಿಗೆ ಎರಡು ಮೂರು ಕಿಲೋ ಕಳಿತ ಕೊಟ್ಟಿಗೆ ಗೊಬ್ಬರ, ಬೇಲಿಗೆ ಗ್ಲಿರಿಸಿಡಿಯಾ ನೆಟ್ಟು ಅದರ ಸೊಪ್ಪು. ರಂಜಕಕ್ಕೆ ಡಿಎಪಿ ಬದಲು ರಾಕ್ ಫಾಸ್ಫೇಟ್ ಬಳಸಿ, ಹುಳಿ ಮಣ್ಣಿನಲ್ಲಿ ಅದು ತಾನಾಗಿ ಕರಗುತ್ತದೆ. ಸುಣ್ಣ ಹಾಕುವ ಮಡಿಯಲ್ಲಿ ಮಾತ್ರ ಅಷ್ಟು ಕರಗುವುದಿಲ್ಲ. ಹಿತ್ತಲು ಪೂರ್ತಿ ಸರಿಮಾಡಲೇಬೇಕು ಅಂತೇನೂ ಇಲ್ಲ. ಎರಡು ಮಡಿ ಸುಣ್ಣ ಹಾಕಿ ಮೆಂತ್ಯ–ಪಾಲಕ್‌ಗೆ ಇಡಿ, ಉಳಿದ ಕಡೆ ಗೆಣಸು, ಮರಗೆಣಸು, ಅನಾನಸ್ ಇರಲಿ. ಅವಕ್ಕೆ ನಿಮ್ಮ ಮಣ್ಣಿನ ಬಗ್ಗೆ ದೂರಿಲ್ಲ.

ಎಪ್ಸಮ್ ಸಾಲ್ಟ್ ಅಂದರೆ ಮೆಗ್ನೀಸಿಯಂ ಸಲ್ಫೇಟ್. ಮೆಗ್ನೀಸಿಯಂ ಕೊಡುತ್ತದೆ, ಹುಳಿ ಒಂದು ಕೂದಲೆಳೆಯಷ್ಟೂ ಕಡಿಮೆ ಮಾಡುವುದಿಲ್ಲ. ಪಟಿಕವಂತೂ ಅಲ್ಯುಮಿನಿಯಂ ಲವಣವೇ! ಹೈಡ್ರೇಂಜಿಯ ಹೂವನ್ನು ನೀಲಿ ಮಾಡಲು ಕೆಲವರು ಮಣ್ಣಿಗೆ ಹಾಕುತ್ತಾರೆ, ಆ ಹೂವಿನ ನೀಲಿಗೆ ಕರಗಿದ ಅಲ್ಯುಮಿನಿಯಂ ಬೇಕು. ನಿಮ್ಮ ಮಣ್ಣಿನಲ್ಲಿ ಅದು ಪಟಿಕವಿಲ್ಲದೆಯೇ ನೀಲಿಯಾಗುತ್ತದೆ. ಮೆಂತ್ಯದ ಮಡಿಯ ಹತ್ತಿರ ಪಟಿಕ ಸುಳಿಯಲೂ ಬಿಡಬೇಡಿ.

ಎರಿಮಣ್ಣಿನ ಯೋಚನೆ ರಸಾಯನದ ಮಟ್ಟಿಗೆ ತಪ್ಪಲ್ಲ. ಅದರ ರಸಸಾರ 8ರ ಮೇಲೆ, ಸುಣ್ಣದ ಹರಳು ಬೇರೆ. ಆದರೆ 45 ಕಿಲೋ ಸುಣ್ಣ ಮಾಡುವ ಕೆಲಸಕ್ಕೆ ಟೆಂಪೋಗಟ್ಟಲೆ ಮಣ್ಣು ಘಟ್ಟ ಇಳಿಯಬೇಕು. ಇಳಿದರೂ ಇಲ್ಲಿನ ಮಳೆಗೆ ಎರಿ ಉಬ್ಬಿ, ನೀರು ಕೆಳಗೆ ಬಿಡದೆ, ಹಿತ್ತಲು ಕೆಸರುಗದ್ದೆಯಾಗುತ್ತದೆ. ಮಾಳಿಗೆಯ ಕುಂಡಗಳಿಗೆ ಗೊಬ್ಬರ, ಮರಳು ಬೆರೆಸಿ ಬಳಸುವಿರಾದರೆ ಎರಡು ಚೀಲ ತರಿಸಿಕೊಳ್ಳಿ.

ಇನ್ನು ಮಾವನವರು. ಬಾವಿ ನೀರಿನ ಪರೀಕ್ಷೆಯನ್ನು ಮಣ್ಣಿನ ಪರೀಕ್ಷೆಗಿಂತ ಮೊದಲು ಮಾಡಿಸಿ, ರಸಸಾರ ಮತ್ತು ಕರಗಿದ ಅಲ್ಯುಮಿನಿಯಂ ಎರಡೂ ಬೇಕು ಅಂತ ಬರೆದುಕೊಡಿ. ಕುಡಿಯುವ ನೀರಿಗೆ ಭಾರತೀಯ ಮಾನಕ ಲೀಟರಿಗೆ 0.03 ಮಿಲಿಗ್ರಾಂ ಅನ್ನುತ್ತದೆ, ಬೇರೆ ನೀರಿಲ್ಲದಿದ್ದರೆ 0.2ರ ತನಕ ಒಪ್ಪುತ್ತದೆ. ಜಂಬಿಟ್ಟಿಗೆ ನೆಲದ ಬಾವಿಗಳ ನೀರು ಸ್ವಲ್ಪ ಹುಳಿಯಿರುವುದು ಇಲ್ಲಿ ಮಾಮೂಲು, ಅಷ್ಟಕ್ಕೇ ಹೆದರಬೇಡಿ. 0.2 ದಾಟಿದರೆ ಎಲ್ಲರಿಗೂ ಆರ್‌ಒ ಹಾಕಿಸಿ. ನೀರು ಕುದಿಸಿದರೆ ಅಲ್ಯುಮಿನಿಯಂ ಹೋಗುವುದಿಲ್ಲ, ಅಲ್ಯುಮಿನಿಯಂ ಪಾತ್ರೆಯಲ್ಲಿ ಕುದಿಸಿದರೆ ಇನ್ನಷ್ಟು ಸೇರುತ್ತದೆ. ಮಳೆಗಾಲದಲ್ಲಿ ಕದಡಿದ ನೀರಿಗೆ ಪಟಿಕ ತಿರುಗಿಸುವ ರೂಢಿ ಮನೆಯಲ್ಲಿದ್ದರೆ ಮಾವನವರ ನೀರಿಗೆ ಅದು ಬೇಡ. ವರದಿ ಬಂದ ಮೇಲೆ ಅದನ್ನು ಅವರ ಕಿಡ್ನಿ ಡಾಕ್ಟರಿಗೆ ತೋರಿಸಿ. ಜೊತೆಗೆ ಎದೆ ಉರಿಗೆ ಅವರು ಕುಡಿಯುವ ಗುಲಾಬಿ, ಬಿಳಿ ಬಣ್ಣದ ಆಂಟಾಸಿಡ್ ಬಾಟಲಿಯನ್ನೂ ಒಯ್ಯಿರಿ. ಬಹಳಷ್ಟರಲ್ಲಿ ಇರುವುದು ಅಲ್ಯುಮಿನಿಯಂ ಹೈಡ್ರಾಕ್ಸೈಡ್, ಒಂದೊಂದು ಚಮಚದಲ್ಲಿ ನೂರಾರು ಮಿಲಿಗ್ರಾಂಗಳ ಲೆಕ್ಕದಲ್ಲಿ. ಕಿಡ್ನಿ ಕೆಟ್ಟವರು ಅದನ್ನು ಡಾಕ್ಟರನ್ನು ಕೇಳದೆ ಮುಟ್ಟಬಾರದು.